ಒಂದು ಡೋಸ್, 640 ವಿದ್ಯಾರ್ಥಿಗಳು, ಒಂದು ಗೇಟು: ಸರ್ಕಾರಿ ಪದವಿ ಕಾಲೇಜಿನ ಲಸಿಕೆ ಷರತ್ತಿನ ಪ್ರಕರಣ ಅಧ್ಯಯನ

2021ರ ಜುಲೈ 18ರ ಭಾನುವಾರ ರಾಜ್ಯ ಸರ್ಕಾರದ ಆದೇಶ ಹೊರಬಿತ್ತು. ಕೋವಿಡ್‌ನ ಎರಡನೇ ಅಲೆಯಲ್ಲಿ ಮುಚ್ಚಿದ್ದ ಪದವಿ ಕಾಲೇಜುಗಳನ್ನು ಜುಲೈ 26ರ ಸೋಮವಾರದಿಂದ ತೆರೆಯಬಹುದು. ಆದರೆ ಕನಿಷ್ಠ ಒಂದು ಡೋಸ್ ಕೋವಿಡ್ ಲಸಿಕೆ ಹಾಕಿಸಿಕೊಂಡ ವಿದ್ಯಾರ್ಥಿಗಳು, ಬೋಧಕರು ಮತ್ತು ಬೋಧಕೇತರ ಸಿಬ್ಬಂದಿಗೆ ಮಾತ್ರ ಪ್ರವೇಶ. ಹಾಜರಾತಿ ಐಚ್ಛಿಕ. ಷರತ್ತು ಇಷ್ಟೇ, ಒಂದು ಸಾಲಿನದು. ಅದನ್ನು ಗೇಟಿನವರೆಗೆ ತರಲು ಪ್ರಾಂಶುಪಾಲರ ಕೈಯಲ್ಲಿದ್ದದ್ದು ಏಳು ದಿನ.

ಆ ಒಂದು ಸಾಲು ದಾವಣಗೆರೆ ಜಿಲ್ಲೆಯ ಬಯಲುಸೀಮೆಯ ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಬಂದಾಗ ಏನೇನು ಎದುರಾಗುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ನೋಡಲಾಗಿದೆ. ಕಾಲೇಜು ಮಾದರಿಯದು, ಹೆಸರುಳ್ಳ ಯಾವ ಕಾಲೇಜೂ ಅಲ್ಲ. 640 ಎಂಬ ಸಂಖ್ಯೆಯೂ ಅದರ ಕೆಳಗಿನ ವಿಂಗಡಣೆಯೂ ಲೆಕ್ಕ ತಿಳಿಯಲು ಇಟ್ಟುಕೊಂಡವು. ಆದೇಶಗಳು, ದಿನಾಂಕಗಳು, ಕಾನೂನು, ಲಸಿಕೆ ಹಾಕುವ ನಿಯಮಗಳು ಮಾತ್ರ ಆಗ ಇದ್ದಂತೆಯೇ ಇವೆ.

ಅಧಿಕಾರ ಯಾರದು

ಮೊದಲು ತಿಳಿಯಬೇಕಾದದ್ದು ಇದು ಶಾಸನವಲ್ಲ ಎಂಬುದನ್ನು. ಸರ್ಕಾರಿ ಪದವಿ ಕಾಲೇಜಿನಲ್ಲಿ ಓದಲು ಲಸಿಕೆ ಕಡ್ಡಾಯ ಎನ್ನುವ ಪ್ರತ್ಯೇಕ ಕಾಯ್ದೆಯನ್ನು ಕರ್ನಾಟಕದ ವಿಧಾನಮಂಡಲ ಮಾಡಿಲ್ಲ. ಆ ಕಾಲದ ಇಂಥ ಆದೇಶಗಳು ಬಂದದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯ 24ನೇ ಕಲಮಿನ ಬಲದಿಂದ, ರಾಜ್ಯ ಕಾರ್ಯಕಾರಿ ಸಮಿತಿಯ ಅಧ್ಯಕ್ಷರಾದ ಮುಖ್ಯ ಕಾರ್ಯದರ್ಶಿಗಳ ಸಹಿಯಲ್ಲಿ. ಬಾಧಿತ ಪ್ರದೇಶದೊಳಗೆ ಜನರ ಪ್ರವೇಶವನ್ನೂ ಓಡಾಟವನ್ನೂ ನಿಯಂತ್ರಿಸುವ ಅಧಿಕಾರ ಆ ಕಲಮಿನಲ್ಲಿದೆ. ಜಿಲ್ಲಾ ಮಟ್ಟದಲ್ಲಿ ಇಂಥದ್ದೇ ಅಧಿಕಾರ 34ನೇ ಕಲಮಿನಡಿ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರಕ್ಕಿದೆ. ಆದೇಶ ಮೀರಿದವರಿಗೆ 51ನೇ ಕಲಮಿನಡಿ ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ.

ಈ ಸರಪಳಿಯಲ್ಲಿ ಪ್ರಾಂಶುಪಾಲರು ಎಲ್ಲೂ ಇಲ್ಲ. ಅವರು ಆದೇಶ ಜಾರಿ ಮಾಡುವವರೇ ಹೊರತು ಆದೇಶ ಮಾಡುವವರಲ್ಲ. ಇದನ್ನು ಮರೆತಲ್ಲಿಂದಲೇ ತೊಂದರೆ ಶುರು. ಆದೇಶ ಒಂದು ಡೋಸ್ ಎಂದರೆ, ಸೂಚನಾ ಫಲಕದಲ್ಲಿ ಎರಡು ಡೋಸ್ ಎಂದು ಬರೆಯುವುದು, ಅದರ ಮೇಲೆ ಆರ್‌ಟಿಪಿಸಿಆರ್ ವರದಿಯನ್ನೂ ಸೇರಿಸುವುದು, ಲಸಿಕೆ ಇಲ್ಲದವರ ಹಾಲ್ ಟಿಕೆಟ್ ತಡೆಯುವುದು, ವಿದ್ಯಾರ್ಥಿವೇತನದ ಅರ್ಜಿಗೆ ಸಹಿ ಹಾಕದಿರುವುದು ಇವೆಲ್ಲ ಅಧಿಕಾರವಿಲ್ಲದ ಕೆಲಸ. ಕೋಣೆಯೊಳಗೆ ಬರಬೇಡ ಎನ್ನುವ ಅಧಿಕಾರ ಬೇರೆ, ಪದವಿ ಕೊಡುವುದಿಲ್ಲ ಎನ್ನುವ ಅಧಿಕಾರ ಬೇರೆ. ಜುಲೈ 18ರ ಆದೇಶ ಕೊಟ್ಟದ್ದು ಮೊದಲನೆಯದನ್ನು ಮಾತ್ರ.

ಇನ್ನೊಂದು ಸೂಕ್ಷ್ಮವೂ ಇದೆ. ಆದೇಶ ಯಾರಿಗೂ ಸೂಜಿ ಚುಚ್ಚಿಸಿಕೊಳ್ಳಲೇಬೇಕು ಎಂದಿರಲಿಲ್ಲ, ಚುಚ್ಚಿಸಿಕೊಳ್ಳದವರು ಸದ್ಯಕ್ಕೆ ಮನೆಯಿಂದ ಓದಲಿ ಎಂಬುದು ಅದರ ಅರ್ಥವಾಗಿತ್ತು. ಹಾಗಾಗಿ ಇದು ಸೂಜಿಯ ಷರತ್ತಲ್ಲ, ಬಾಗಿಲಿನ ಷರತ್ತು. ಆದರೆ ಮನೆಯಲ್ಲಿ ನೆಟ್‌ವರ್ಕ್ ಇಲ್ಲದ ಹುಡುಗಿಗೆ ಎರಡರ ನಡುವೆ ಎಷ್ಟು ಅಂತರ ಉಳಿಯುತ್ತದೆ? ಷರತ್ತು ನ್ಯಾಯವಾಗಿ ನಿಲ್ಲಬೇಕಾದರೆ ಮನೆಯಿಂದ ಓದುವ ದಾರಿ ನಿಜವಾಗಿ ತೆರೆದಿರಬೇಕು.

640 ಜನರ ವಿಂಗಡಣೆ

ಬಿ.ಎ., ಬಿ.ಕಾಂ., ಬಿ.ಎಸ್ಸಿ. ಸೇರಿ 640 ವಿದ್ಯಾರ್ಥಿಗಳು. ವಾರದೊಳಗೆ ತರಗತಿವಾರು ಪಟ್ಟಿ ತಯಾರಿಸಿದರೆ ಚಿತ್ರ ಹೀಗಿರಬಹುದು: ಪ್ರಮಾಣಪತ್ರ ಸರಿಯಾಗಿ ಕೈಯಲ್ಲಿರುವವರು 410. ಲಸಿಕೆ ಹಾಕಿಸಿಯೂ ಪ್ರಮಾಣಪತ್ರ ಇಲ್ಲದವರು ಅಥವಾ ಅದರಲ್ಲಿ ತಪ್ಪಿರುವವರು 38. ಹದಿನೆಂಟು ತುಂಬದವರು 27. ಕೋವಿಡ್ ಬಂದು ಗುಣವಾಗಿ ಮೂರು ತಿಂಗಳಾಗದವರು 22. ಗರ್ಭಿಣಿಯರು, ಬಾಣಂತಿಯರು 9. ವೈದ್ಯಕೀಯ ಕಾರಣದಿಂದ ಹಾಕಿಸಿಕೊಳ್ಳಬಾರದವರು 2. ಹಾಕಿಸಿಕೊಳ್ಳಲು ಸಿದ್ಧರಿದ್ದೂ ಲಸಿಕೆ ಸಿಗದವರು 72. ಬೇಡ ಎನ್ನುವವರು 60.

ಆದೇಶದ ಕಣ್ಣಿಗೆ ಕಾಣುವುದು ಎರಡೇ ಗುಂಪು: ಹಾಕಿಸಿದವರು, ಹಾಕಿಸದವರು. ಕಾಲೇಜಿಗೆ ಕಾಣುವುದು ಎಂಟು. ಉಳಿದ ಆರು ಗುಂಪುಗಳ ತೀರ್ಮಾನ ಕೊನೆಗೆ ಗೇಟಿನ ಬಳಿ ನಿಂತ ದ್ವಿತೀಯ ದರ್ಜೆ ಸಹಾಯಕರ ಮೇಲೆ ಬೀಳುತ್ತದೆ. ಈ ಪ್ರಕರಣದ ತಿರುಳು ಇಲ್ಲಿದೆ ಎಂದು ನಾವು ನಂಬುತ್ತೇವೆ. ಬರೆಯುವವರು ಬಿಟ್ಟ ವಿನಾಯಿತಿಗಳು ಮಾಯವಾಗುವುದಿಲ್ಲ. ಅಧಿಕಾರವಿಲ್ಲದವರ ತಲೆಗೆ ಬಂದು ಕೂರುತ್ತವೆ.

ಸೋಮವಾರ ಬೆಳಗ್ಗೆ ಗೇಟಿನಲ್ಲಿ ನಡೆಯುವ ಮಾತು ಇಂಥದ್ದು:

"ಸರ್, ಮೇ ತಿಂಗ್ಳಾಗ ಪಾಸಿಟಿವ್ ಬಂದಿತ್ತು. ಆಸ್ಪತ್ರೇಲಿ ಮೂರು ತಿಂಗ್ಳು ಹಾಕಿಸ್ಕಬ್ಯಾಡ ಅಂದಾರೆ."

"ಅದು ಸರಿ ಕಣಮ್ಮ, ಇಲ್ಲಿ ಒಂದು ಡೋಸ್ ಆಗಿರ್ಬೇಕು ಅಂತ ಐತಲ್ಲ. ನಾನೇನು ಮಾಡ್ಲಿ?"

ಇಬ್ಬರೂ ಹೇಳುತ್ತಿರುವುದು ಸರಿ. ಗುಣವಾದ ಮೇಲೆ ಮೂರು ತಿಂಗಳು ಲಸಿಕೆ ಮುಂದೂಡಬೇಕು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2021ರ ಮೇ 19ರಂದೇ ಹೇಳಿತ್ತು. ಮೇ 20ಕ್ಕೆ ಗುಣವಾದ ವಿದ್ಯಾರ್ಥಿನಿಗೆ ಆಗಸ್ಟ್ 20ರ ಮೊದಲು ಲಸಿಕೆ ಇಲ್ಲ. ಒಂದು ಸರ್ಕಾರದ ನಿಯಮ ಪಾಲಿಸಿದ್ದಕ್ಕೆ ಇನ್ನೊಂದು ಸರ್ಕಾರದ ಆದೇಶ ಅವಳನ್ನು ಹೊರಗೆ ನಿಲ್ಲಿಸುತ್ತದೆ. ಎರಡನೇ ಅಲೆ ಹಳ್ಳಿಗಳನ್ನು ಹೊಕ್ಕದ್ದು ಏಪ್ರಿಲ್–ಮೇ ತಿಂಗಳಲ್ಲಿ. ಹಾಗಾಗಿ ಜುಲೈ ಕೊನೆಗೆ ಈ ಗುಂಪು ಎಲ್ಲ ಕಾಲೇಜಿನಲ್ಲೂ ಇರುತ್ತದೆ ಎಂಬುದನ್ನು ಕರಡು ಬರೆಯುವವರು ಮೊದಲೇ ಊಹಿಸಬಹುದಿತ್ತು. ಇಂಥವರಿಗೆ ಪ್ರಾಂಶುಪಾಲರು ಕೊಡಬಹುದಾದದ್ದು ದಿನಾಂಕವಿರುವ ಚೀಟಿ: ಪಾಸಿಟಿವ್ ವರದಿಯೋ ಬಿಡುಗಡೆ ಪತ್ರವೋ ನೋಡಿ, ಲಸಿಕೆಗೆ ಅರ್ಹರಾಗುವ ದಿನ ಬರೆದು, ಅಲ್ಲಿಯವರೆಗೆ ಆನ್‌ಲೈನ್ ಪಾಠಕ್ಕೆ ಹೆಸರು ಸೇರಿಸುವುದು. ಜೊತೆಗೆ ಇವರ ಸಂಖ್ಯೆಯನ್ನು ಕಾಲೇಜು ಶಿಕ್ಷಣ ಇಲಾಖೆಯ ಜಂಟಿ ನಿರ್ದೇಶಕರ ಕಛೇರಿಗೆ ಬರೆದು ಸ್ಪಷ್ಟೀಕರಣ ಕೇಳುವುದು. ಬಾಯಿಮಾತಿನಲ್ಲಿ ಫೋನ್ ಮಾಡಿ ಕೇಳಿದ ಸ್ಪಷ್ಟೀಕರಣಕ್ಕೆ ನಾಳೆ ಬೆಲೆಯಿಲ್ಲ.

ಹದಿನೆಂಟು ತುಂಬದ 27 ಜನರ ಪಾಡು ಇನ್ನೂ ಕಷ್ಟದ್ದು. 18 ತುಂಬಿದವರಿಗೆ ಲಸಿಕೆ ಸಿಕ್ಕಿದ್ದು 2021ರ ಮೇ 1ರಿಂದ. 15ರಿಂದ 18ರ ನಡುವಿನವರಿಗೆ ಅದು ಬಂದದ್ದು 2022ರ ಜನವರಿ 3ರಂದು, ಅದೂ ಕೋವ್ಯಾಕ್ಸಿನ್ ಮಾತ್ರ. ಅಂದರೆ ಹದಿನೇಳರ ವಿದ್ಯಾರ್ಥಿಗೆ ಜುಲೈ 26ರ ಷರತ್ತನ್ನು ಪೂರೈಸುವ ದಾರಿ ಐದು ತಿಂಗಳಿಗೂ ಹೆಚ್ಚು ಕಾಲ ಇರಲೇ ಇಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಹದಿನೈದು ಹದಿನಾರಕ್ಕೇ ಸೇರುವ ಡಿಪ್ಲೊಮಾ ಮಕ್ಕಳನ್ನು ನೆನೆದರೆ ಇದು ಅಂಚಿನ ಪ್ರಶ್ನೆಯಲ್ಲ ಎಂಬುದು ಅರ್ಥವಾಗುತ್ತದೆ. ಇಲ್ಲೇ ಇನ್ನೊಂದು ತೊಡಕೂ ಇದೆ. ಹಳ್ಳಿಯ ಅನೇಕ ಮಕ್ಕಳ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1 ಎಂದಿರುತ್ತದೆ, ಅಂಕಪಟ್ಟಿಯಲ್ಲಿ ಬೇರೆ ದಿನ. ಒಂದರ ಪ್ರಕಾರ ಹದಿನೆಂಟು, ಇನ್ನೊಂದರ ಪ್ರಕಾರ ಹದಿನೇಳು. ಕಾಲೇಜು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ದಿನಾಂಕವನ್ನೇ ಹಿಡಿಯಬೇಕು, ಪ್ರವೇಶಾತಿ ಕಡತದಲ್ಲಿರುವುದು ಅದೇ. ವಯಸ್ಸು ತಿದ್ದಿಸಿಕೊಂಡು ಬಾ ಎಂದು ಯಾರನ್ನೂ ಕಳಿಸಕೂಡದು.

ಗರ್ಭಿಣಿಯರಿಗೆ ಲಸಿಕೆ ನೀಡಬಹುದು ಎಂಬ ಸೂಚನೆ ಬಂದದ್ದು 2021ರ ಜುಲೈ 2ರಂದು, ಬಾಣಂತಿಯರಿಗೆ ಮೇ 19ರಂದು. ಕಾಲೇಜು ತೆರೆಯುವಾಗ ಗರ್ಭಿಣಿಯರ ವಿಷಯ ಇನ್ನೂ ಮೂರು ವಾರದ ಹಳೆಯ ಸುದ್ದಿ. ಮನೆಯ ಹಿರಿಯರಿಗೂ ಎಷ್ಟೋ ಕಡೆ ಆರೋಗ್ಯ ಸಿಬ್ಬಂದಿಗೂ ಅದು ಮನದಟ್ಟಾಗಿರಲಿಲ್ಲ. ಇವರು ಅರ್ಹರೇ, ಆದರೂ ಒತ್ತಾಯಕ್ಕೆ ಇದು ಜಾಗವಲ್ಲ. ವೈದ್ಯರ ಜೊತೆ ಮಾತಾಡಲು ಎರಡು ವಾರ ಸಮಯ ಕೊಟ್ಟು, ಪಾಠದ ವ್ಯವಸ್ಥೆ ಮಾಡುವುದು ಸರಿಯಾದ ನಡೆ. ಹಿಂದಿನ ಡೋಸ್‌ಗೋ ಲಸಿಕೆಯ ಅಂಶಕ್ಕೋ ತೀವ್ರ ಅಲರ್ಜಿ ಆದವರಿಗೆ ಸರ್ಕಾರಿ ವೈದ್ಯರ ಒಂದು ಸಾಲಿನ ಪತ್ರ ಸಾಕು. ಕಾಯಿಲೆಯ ವಿವರ ಕಾಲೇಜಿಗೆ ಬೇಕಿಲ್ಲ.

ಪ್ರಮಾಣಪತ್ರದ ಗೋಜಲು

ಲಸಿಕೆ ಹಾಕಿಸಿಯೂ ದಾಖಲೆ ಇಲ್ಲದ 38 ಜನರದು ಕೈಕೆಲಸದ ಸಮಸ್ಯೆ, ಬಗೆಹರಿಸಬಹುದಾದದ್ದು. ಕೇಂದ್ರದ ಲಸಿಕೆ ನೋಂದಣಿ ಜಾಲತಾಣವಾದ ಕೋವಿನ್‌ನಲ್ಲಿ ಆಗ ಒಂದು ಮೊಬೈಲ್ ಸಂಖ್ಯೆಗೆ ನಾಲ್ಕೇ ಜನರನ್ನು ಸೇರಿಸಬಹುದಿತ್ತು (2022ರ ಜನವರಿಯಲ್ಲಿ ಆರಕ್ಕೆ ಏರಿತು). ಮನೆಗೊಂದೇ ಫೋನ್ ಇರುವಲ್ಲಿ ಅಪ್ಪ, ಅವ್ವ, ಅಜ್ಜ, ಅಜ್ಜಿಗೆ ನಾಲ್ಕೂ ಜಾಗ ಮುಗಿದು, ಮಗನ ಹೆಸರು ಪಕ್ಕದ ಮನೆಯವರ ಇಲ್ಲವೇ ಆಶಾ ಕಾರ್ಯಕರ್ತೆಯ ಸಂಖ್ಯೆಗೆ ಸೇರಿರುತ್ತದೆ. ಪ್ರಮಾಣಪತ್ರ ಇಳಿಸಿಕೊಳ್ಳಲು ಒಟಿಪಿ ಹೋಗುವುದು ಆ ಸಂಖ್ಯೆಗೆ. ಹುಡುಗನಿಗೆ ಗೊತ್ತಿರುವುದು ಲಸಿಕೆ ಹಾಕಿದ ಜಾಗ ಮತ್ತು ದಿನ ಮಾತ್ರ. ಅಂಥವರನ್ನು ಮನೆಗೆ ಕಳಿಸುವ ಬದಲು, ಲಸಿಕೆ ಹಾಕಿದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೆಸರುಗಳ ಪಟ್ಟಿ ಕಳಿಸಿ ಅಲ್ಲಿನ ಸಿಬ್ಬಂದಿಯಿಂದ ದೃಢಪಡಿಸಿಕೊಂಡರೆ ಒಂದೇ ದಿನದಲ್ಲಿ ಬಹುಪಾಲು ಮುಗಿಯುತ್ತದೆ.

ಹೆಸರಿನ ವ್ಯತ್ಯಾಸ ಇನ್ನೊಂದು. ಅಂಕಪಟ್ಟಿಯಲ್ಲಿ ಇನಿಶಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ. ಒಂದರಲ್ಲಿ ಹೆಸರಿನ ಕೊನೆಗೆ ಅಪ್ಪ, ಇನ್ನೊಂದರಲ್ಲಿ ಅದಿಲ್ಲ. ಮದುವೆಯಾದ ಹುಡುಗಿಯ ಹೆಸರಿನ ಮುಂದೆ ಒಂದು ಕಡೆ ತಂದೆಯ ಅಕ್ಷರ, ಇನ್ನೊಂದು ಕಡೆ ಗಂಡನದು. ಕೋವಿನ್‌ನಲ್ಲಿ ಹೆಸರು, ಹುಟ್ಟಿದ ವರ್ಷ, ಲಿಂಗ ತಿದ್ದುವ ಅವಕಾಶ ಆ ಜೂನ್‌ನಲ್ಲಿ ಬಂದಿತ್ತು, ಆದರೆ ಒಂದೇ ಸಲ. ಅವಸರಕ್ಕೆ ಸೈಬರ್ ಸೆಂಟರ್‌ನಲ್ಲಿ ತಪ್ಪು ತಿದ್ದಿಸಿದರೆ ಅಲ್ಲಿಗೆ ಬಾಗಿಲು ಮುಚ್ಚಿತು. ಆದ್ದರಿಂದ ಬರೀ ಇನಿಶಿಯಲ್ ವ್ಯತ್ಯಾಸಕ್ಕೆ ತಿದ್ದುಪಡಿ ಕೇಳಲೇಬಾರದು. ತರಗತಿ ಶಿಕ್ಷಕರು ಮುಖ ನೋಡಿ ಗುರುತಿಸಿ ಸಹಿ ಮಾಡಿದರೆ ಸಾಕು.

ಕ್ಯೂಆರ್ ಸಂಕೇತ ಓದುವಾಗಲೂ ಎಡವಟ್ಟಾಗುತ್ತದೆ. ಸಾಮಾನ್ಯ ಕ್ಯೂಆರ್ ಆ್ಯಪ್‌ನಲ್ಲಿ ಅದನ್ನು ಹಿಡಿದರೆ ಅರ್ಥವಾಗದ ಅಕ್ಷರಗಳ ಸಾಲು ಬರುತ್ತದೆ. ನೋಡಿದವರು ನಕಲಿ ಎಂದುಕೊಳ್ಳುತ್ತಾರೆ. ಅದನ್ನು ಕೋವಿನ್‌ನ ಪರಿಶೀಲನಾ ಪುಟದಲ್ಲೇ ತೆರೆದು ನೋಡಬೇಕು. ಗೇಟಿನಲ್ಲಿ ನಿಂತು ಪ್ರತಿಯೊಬ್ಬರದನ್ನೂ ಹೀಗೆ ನೋಡಲು ಹೊರಟರೆ 410 ಜನರಿಗೆ ಮಧ್ಯಾಹ್ನವಾಗುತ್ತದೆ, ಬಸ್ ಪಾಸಿನ ಮಕ್ಕಳಿಗೆ ಮೊದಲ ಎರಡು ಪಿರಿಯಡ್ ಹೋಗುತ್ತದೆ. ಪರಿಶೀಲನೆ ಗೇಟಿನಲ್ಲಿ ಅಲ್ಲ, ಹಿಂದಿನ ವಾರವೇ ತರಗತಿವಾರು ಆಗಬೇಕು. ಗೇಟಿನಲ್ಲಿ ಉಳಿಯಬೇಕಾದದ್ದು ಐಡಿ ಕಾರ್ಡಿನ ಹಿಂದಿನ ಒಂದು ಗುರುತು ಮಾತ್ರ.

ಝೆರಾಕ್ಸ್ ತೆಗೆದುಕೊಳ್ಳುವ ಅಭ್ಯಾಸವನ್ನು ಇಲ್ಲಿ ಗಟ್ಟಿಯಾಗಿ ವಿರೋಧಿಸಬೇಕು. ಪ್ರಮಾಣಪತ್ರದಲ್ಲಿ ವಯಸ್ಸು, ಲಿಂಗ, ಗುರುತಿನ ಚೀಟಿಯ ಕೊನೆಯ ನಾಲ್ಕು ಅಂಕಿ, ಫಲಾನುಭವಿ ಸಂಖ್ಯೆ ಎಲ್ಲ ಇರುತ್ತವೆ. ನೂರಾರು ಪ್ರತಿಗಳ ಕಟ್ಟು ಕಛೇರಿಯ ಮೂಲೆಯಲ್ಲಿ ಬಿದ್ದಿರುವುದು ಯಾರ ಹಿತಕ್ಕೂ ಅಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ ಮೇಲೆ, ನೋಡಿದರೆ ಸಾಕಾಗುವ ದಾಖಲೆಯನ್ನು ಇಟ್ಟುಕೊಳ್ಳಲು ಕಾರಣ ಕೊಡಬೇಕಾದವರು ಇಟ್ಟುಕೊಳ್ಳುವವರೇ. ರಿಜಿಸ್ಟರಿನಲ್ಲಿ ಆರು ಕಾಲಂ ಸಾಕು: ನೋಂದಣಿ ಸಂಖ್ಯೆ, ತರಗತಿ, ನೋಡಿದ ದಾಖಲೆಯ ಬಗೆ, ಡೋಸ್ ದಿನಾಂಕ, ವಿನಾಯಿತಿಯಿದ್ದರೆ ಅದು ಮುಗಿಯುವ ದಿನಾಂಕ, ನೋಡಿದವರ ಸಹಿ. ವಿನಾಯಿತಿ ಏಕೆ ಎಂದು ಬರೆಯಲು ಕಾಲಂ ಬೇಡ. ಆ ಪುಸ್ತಕವನ್ನು ತೆರೆದ ಯಾರೂ ತರಗತಿಯ ಯಾವ ಹುಡುಗಿ ಗರ್ಭಿಣಿ ಎಂದು ತಿಳಿಯುವಂತಿರಬಾರದು.

72 ಜನರಿಗೆ ಶಿಬಿರ

ಸಿದ್ಧರಿದ್ದೂ ಸಿಗದವರಿಗೆ ಷರತ್ತು ಹೇರುವ ಮೊದಲು ಲಸಿಕೆಯನ್ನು ಕಾಲೇಜಿಗೇ ತರಬೇಕು. ಪ್ರಾಂಶುಪಾಲರು ತಾಲ್ಲೂಕು ಆರೋಗ್ಯಾಧಿಕಾರಿಗೆ ಬರೆಯುವ ಪತ್ರದಲ್ಲಿ ಮೂರು ಅಂಶ ಸ್ಪಷ್ಟವಿರಬೇಕು: ಎಷ್ಟು ಜನ, ಯಾವ ದಿನ, ಎಷ್ಟು ಕೋಣೆ. ಕೋಣೆ ಮೂರು ಬೇಕು, ಕಾಯಲು, ಹಾಕಲು, ನಿಗಾಕ್ಕೆ. ಹಾಕುವವರು ಒಬ್ಬರು, ಅವರ ಜೊತೆ ಗುರುತು ನೋಡುವವರು, ಕೋವಿನ್‌ಗೆ ಏರಿಸುವವರು, ಸಾಲು ಮತ್ತು ನಿಗಾ ನೋಡಿಕೊಳ್ಳುವವರು ಸೇರಿ ಐದು ಜನರ ತಂಡ. ಒಂದು ಸರದಿಗೆ ನೂರು ಜನ ಎಂಬುದು ಆಗಿನ ಅಳತೆ.

ಕೋವಿಶೀಲ್ಡ್‌ನ ಒಂದು ವಯಲ್‌ನಲ್ಲಿ ಹತ್ತು ಡೋಸ್, ತಲಾ 0.5 ಮಿ.ಲೀ. ತೆರೆದ ವಯಲನ್ನು ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಅಲ್ಲಿಯವರೆಗೂ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. 72 ಜನ ಬಂದರೆ ಎಂಟು ವಯಲ್ ಒಡೆಯಬೇಕಾಗಿ, ಕೊನೆಯದರಲ್ಲಿ ಎಂಟು ಡೋಸ್ ಉಳಿಯುತ್ತದೆ. ಅದನ್ನು ವ್ಯರ್ಥ ಮಾಡದಿರಲು ಕಾಯ್ದಿರಿಸಿದ ಪಟ್ಟಿ ಬೇಕು: ಮನಸ್ಸು ಬದಲಿಸಬಹುದಾದ ವಿದ್ಯಾರ್ಥಿಗಳು, ಕ್ಯಾಂಟೀನಿನವರು, ಪಕ್ಕದ ಹಾಸ್ಟೆಲಿನ ಅಡುಗೆಯವರು. ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಕೂರಿಸಬೇಕು. ಗಂಟೆಗೆ ಇಪ್ಪತ್ತು ಜನರಿಗೆ ಹಾಕಿದರೆ ನಿಗಾ ಕೋಣೆಯಲ್ಲಿ ಯಾವಾಗಲೂ ಹತ್ತು ಜನ ಇರುತ್ತಾರೆ, ಹನ್ನೆರಡು ಕುರ್ಚಿ ದೂರ ದೂರ ಹಾಕಿದರೆ ಸಾಲುತ್ತದೆ. ಬೆಳಗ್ಗೆ ತಿಂಡಿ ತಿನ್ನದೆ ಮೊದಲ ಬಸ್ಸಿಗೆ ಬಂದ ಮಕ್ಕಳು ತಲೆಸುತ್ತಿ ಬೀಳುವುದುಂಟು. ಅದು ಲಸಿಕೆಯ ದೋಷವೆಂದು ಸುದ್ದಿಯಾದರೆ ಸಾಲಿನಲ್ಲಿದ್ದ ಅರ್ಧ ಜನ ಮನೆಗೆ ಹೋಗುತ್ತಾರೆ. ಕಾಯುವ ಕೋಣೆಯಲ್ಲಿ ಬಾಳೆಹಣ್ಣು, ನೀರು ಇಡುವುದು ಸಣ್ಣ ಮಾತಲ್ಲ.

ದಿನ ಆರಿಸುವುದೂ ಅಷ್ಟೇ ಮುಖ್ಯ. ಜುಲೈ–ಆಗಸ್ಟ್‌ನಲ್ಲಿ ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳದ ಹೊಲಗಳಲ್ಲಿ ಎಡೆ ಹೊಡೆಯುವ, ಕಳೆ ತೆಗೆಯುವ ಕೆಲಸ. ಲಸಿಕೆಯ ನಂತರ ಒಂದೆರಡು ದಿನ ಮೈಕೈ ನೋವು, ಜ್ವರ ಬಂದರೆ ಕೂಲಿ ಹೋಗುತ್ತದೆ. ಹೊಲದ ಕೆಲಸದ ದಿನ ಇಟ್ಟ ಶಿಬಿರಕ್ಕೆ ಬರದವರನ್ನು ವಿರೋಧಿಗಳ ಪಟ್ಟಿಗೆ ಸೇರಿಸಿದರೆ ಅದು ತಪ್ಪು ಲೆಕ್ಕ.

ಬೇಡ ಎನ್ನುವ 60 ಜನರಲ್ಲೂ ಒಂದೇ ಮನಸ್ಸಿಲ್ಲ. ಮುಟ್ಟಿನ ಹಿಂದೆ ಮುಂದೆ ಐದು ದಿನ ಹಾಕಿಸಬಾರದು ಎಂಬ ವಾಟ್ಸ್‌ಆ್ಯಪ್ ಸುದ್ದಿ ಆ ಏಪ್ರಿಲ್‌ನಲ್ಲೇ ಹರಡಿತ್ತು, ಸರ್ಕಾರ ಅದು ಸುಳ್ಳೆಂದು ಹೇಳಿತ್ತು. ಆದರೂ ಸುದ್ದಿ ಹೋದ ವೇಗದಲ್ಲಿ ನಿರಾಕರಣೆ ಹೋಗಲಿಲ್ಲ. ಮಕ್ಕಳಾಗುವುದಿಲ್ಲ ಎಂಬ ಭಯ ಇನ್ನೊಂದು. ಇವನ್ನು ಹುಡುಗಿಯರ ಜೊತೆ ಮಾತಾಡಬೇಕಾದವರು ಮಹಿಳಾ ಉಪನ್ಯಾಸಕಿಯರು ಮತ್ತು ಊರಿನ ಆಶಾ. ಮೈಕಿನಲ್ಲಿ ಮಾಡುವ ಭಾಷಣದಿಂದ ಇದು ಹೋಗದು. ಅಜ್ಜಿಯ ತೋಳಿನಲ್ಲಿ ಸಿಡುಬಿಗೆ ಮೈಲಿ ಹಾಕಿಸಿದ ಗುರುತು ಇನ್ನೂ ಇದೆ. ಅವರಿಂದ ಆರಂಭವಾದ ಮಾತು ಎಷ್ಟೋ ಸಲ ದೂರ ಹೋಗುತ್ತದೆ. ಇಷ್ಟಾಗಿಯೂ ಬೇಡ ಎಂದವರು ಉಳಿದರೆ ಅವರ ನಿರಾಕರಣೆಯನ್ನು ಗೌರವಿಸಿ, ಪಾಠವನ್ನು ತಲುಪಿಸಬೇಕು. ಸರ್ಕಾರಿ ಪದವಿ ಕಾಲೇಜಿನ ಮಕ್ಕಳಿಗೆ ಟ್ಯಾಬ್ಲೆಟ್ ಹಂಚುವುದು ಆ ಜೂನ್‌ನಲ್ಲಿ ಶುರುವಾಗಿತ್ತು. ಆದರೆ ಸಿಗ್ನಲ್‌ಗಾಗಿ ಮಾಳಿಗೆ ಹತ್ತಬೇಕಾದ ಊರಿನಲ್ಲಿ ಬರೀ ಸಾಧನ ಸಾಲದು. ವಾರಕ್ಕೊಮ್ಮೆ ಗ್ರಂಥಾಲಯದ ಕಿಟಕಿಯಲ್ಲಿ ನೋಟ್ಸ್ ಪ್ರತಿ ಮತ್ತು ಪೆನ್‌ಡ್ರೈವ್‌ನಲ್ಲಿ ಪಾಠ ಸಿಗುವಂತಿದ್ದರೆ ಮಾತ್ರ ಹಾಜರಾತಿ ಐಚ್ಛಿಕ ಎಂಬ ಮಾತಿಗೆ ಅರ್ಥ.

ಡಿಸೆಂಬರಿನ ತಿರುವು

2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣ ಕರ್ನಾಟಕದಲ್ಲೇ ಪತ್ತೆಯಾದವು. ಬೆನ್ನಿಗೇ ಬಂದ ರಾಜ್ಯದ ಮಾರ್ಗಸೂಚಿಯಲ್ಲಿ ಷರತ್ತು ಒಂದು ಮೆಟ್ಟಿಲು ಮೇಲೇರಿತು: ಶಾಲಾ ಕಾಲೇಜಿಗೆ ಹೋಗುವ ಮಕ್ಕಳ ತಂದೆತಾಯಿ ಎರಡೂ ಡೋಸ್ ಹಾಕಿಸಿರಬೇಕು. ಪಿಯು ಓದುವ ಮಗಳ ತರಗತಿಯ ಬೀಗದ ಕೈ ಅಪ್ಪನ ತೋಳಿಗೆ ಹೋಯಿತು. ಕೋವಿಶೀಲ್ಡ್‌ನ ಎರಡು ಡೋಸ್ ನಡುವೆ ಆಗ 84 ದಿನ ಕಡ್ಡಾಯ ಅಂತರ. ಅಕ್ಟೋಬರ್ 10ಕ್ಕೆ ಮೊದಲ ಡೋಸ್ ಹಾಕಿಸಿದ ತಂದೆಗೆ ಎರಡನೆಯದು ಸಿಗುವುದು ಜನವರಿ 2ಕ್ಕೆ. ನಿಯಮ ಪಾಲಿಸಿದವನಿಗೇ ಡಿಸೆಂಬರಿನಲ್ಲಿ ಷರತ್ತು ಪೂರೈಸಲಾಗದು. ಅಂತರದ ಲೆಕ್ಕ ಹಾಕದೆ ಬರೆದ ಷರತ್ತಿನ ದೋಷ ಜುಲೈನಲ್ಲಿ ಕಂಡದ್ದೇ. ಕಲಿತಿದ್ದರೆ ಡಿಸೆಂಬರಿನಲ್ಲಿ ಮರುಕಳಿಸುತ್ತಿರಲಿಲ್ಲ.

ಅದರ ಹಿಂದಿನ ತಿಂಗಳು, ನವೆಂಬರಿನಲ್ಲಿ, ಧಾರವಾಡದ ವೈದ್ಯಕೀಯ ಕಾಲೇಜೊಂದರಲ್ಲಿ ಸೋಂಕು ಹರಡಿತ್ತು, ಸೋಂಕಿತರಲ್ಲಿ ಬಹುತೇಕರು ಎರಡೂ ಡೋಸ್ ಪಡೆದವರು. ಲಸಿಕೆ ತೀವ್ರ ಕಾಯಿಲೆಯಿಂದ, ಸಾವಿನಿಂದ ಕಾಪಾಡುತ್ತದೆ. ಅದು ಹಾಕಿಸಿಕೊಳ್ಳಲು ಬಲವಾದ ಕಾರಣ. ಆದರೆ ಲಸಿಕೆ ಇಲ್ಲದವರನ್ನು ಹೊರಗಿಟ್ಟರೆ ಕೋಣೆಯೊಳಗೆ ಸೋಂಕು ಬರುವುದಿಲ್ಲ ಎಂಬುದು ಬೇರೆಯೇ ವಾದ. ಆ ವಾದಕ್ಕೆ ಬೇರೆ ಪುರಾವೆ ಬೇಕು. ಮುಂದೆ ನ್ಯಾಯಾಲಯ ಕೇಳಿದ್ದೂ ಅದನ್ನೇ.

ನ್ಯಾಯಾಲಯ ಹಿಡಿದ ಒರೆಗಲ್ಲು

ಅಂಗಡಿಯವರು, ಚಾಲಕರು ಲಸಿಕೆ ಹಾಕಿಸಿದ ಮೇಲೆಯೇ ದುಡಿಯಬೇಕು ಎಂಬ ಆದೇಶಗಳನ್ನು ಮೇಘಾಲಯ ಹೈಕೋರ್ಟ್ 2021ರ ಜೂನ್‌ನಲ್ಲೇ ಪ್ರಶ್ನಿಸಿತ್ತು. ಯಾರನ್ನೂ ಬಲವಂತದಿಂದ ಲಸಿಕೆಗೆ ಒಳಪಡಿಸುವುದಿಲ್ಲ, ಪ್ರಮಾಣಪತ್ರ ಒಯ್ಯುವುದನ್ನು ಕಡ್ಡಾಯ ಮಾಡಿಲ್ಲ ಎಂದು 2022ರ ಜನವರಿಯಲ್ಲಿ ಕೇಂದ್ರ ಸರ್ಕಾರವೇ ಸುಪ್ರೀಂ ಕೋರ್ಟಿಗೆ ಅಫಿಡವಿಟ್ ಸಲ್ಲಿಸಿತು. 2022ರ ಮೇ 2ರಂದು, ಲಸಿಕೆ ಷರತ್ತುಗಳನ್ನು ಪ್ರಶ್ನಿಸಿದ ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ, ಅದೇ ಕೋರ್ಟಿನ ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್ ಮತ್ತು ಬಿ.ಆರ್. ಗವಾಯಿ ಅವರ ಪೀಠ ತೀರ್ಪು ನೀಡಿತು. ದೇಹದ ಮೇಲಿನ ಹಕ್ಕು ಸಂವಿಧಾನದ 21ನೇ ವಿಧಿಯೊಳಗಿದೆ, ಯಾರಿಗೂ ಬಲವಂತದಿಂದ ಲಸಿಕೆ ಹಾಕುವಂತಿಲ್ಲ. ಸಾರ್ವಜನಿಕ ಆರೋಗ್ಯಕ್ಕಾಗಿ ಸರ್ಕಾರ ನಿರ್ಬಂಧ ಹೇರಬಹುದು, ಆದರೆ ಅದಕ್ಕೆ ಕಾನೂನಿನ ಆಧಾರ, ನ್ಯಾಯವಾದ ಉದ್ದೇಶ, ಉದ್ದೇಶಕ್ಕೆ ತಕ್ಕಷ್ಟೇ ಕಠಿಣತೆ ಮೂರೂ ಇರಬೇಕು. ಲಸಿಕೆ ಹಾಕಿಸದವರಿಂದ ಹರಡುವ ಅಪಾಯ ಹಾಕಿಸಿದವರಿಗಿಂತ ಹೆಚ್ಚು ಎಂದು ತೋರಿಸುವ ಮಾಹಿತಿಯನ್ನು ಸರ್ಕಾರಗಳು ಮುಂದಿಡಲಿಲ್ಲ. ಹಾಗಾಗಿ ಆ ಹೊತ್ತಿನ ನಿರ್ಬಂಧಗಳು ಉದ್ದೇಶಕ್ಕೆ ತಕ್ಕಷ್ಟಾಗಿರಲಿಲ್ಲ. ಸೋಂಕು ಕಡಿಮೆ ಇರುವವರೆಗೆ ಶಿಕ್ಷಣ ಸಂಸ್ಥೆಗಳೂ ಸೇರಿ ಎಲ್ಲರೂ ತಮ್ಮ ಆದೇಶಗಳನ್ನು ಮರುಪರಿಶೀಲಿಸಲಿ ಎಂದು ಪೀಠ ಸೂಚಿಸಿತು. ಅದೇ ತೀರ್ಪು ಕೇಂದ್ರದ ಲಸಿಕಾ ನೀತಿಯನ್ನು ಅಸಮಂಜಸ ಎನ್ನಲಿಲ್ಲ ಎಂಬುದನ್ನೂ ಓದಿಕೊಳ್ಳಬೇಕು. ಲಸಿಕೆ ವಿರೋಧಿಗಳು ಆ ಅರ್ಧವನ್ನು ಬಿಟ್ಟು ಹೇಳುತ್ತಾರೆ.

ಜುಲೈ 18ರ ಆದೇಶವನ್ನು ಈ ಒರೆಗಲ್ಲಿಗೆ ಹಚ್ಚಿದರೆ? ಆಧಾರ ಇತ್ತು. ಉದ್ದೇಶವೂ ಸರಿಯಿತ್ತು, ಎರಡನೇ ಅಲೆಯ ಹೆಣಗಳ ಲೆಕ್ಕ ಇನ್ನೂ ಹಸಿಯಾಗಿತ್ತು. ಹಾಜರಾತಿ ಐಚ್ಛಿಕ ಎಂದದ್ದು ಅದರ ಪರವಾಗಿ ನಿಲ್ಲುತ್ತದೆ. ವಯಸ್ಸು, ಮೂರು ತಿಂಗಳ ಅಂತರ, ವೈದ್ಯಕೀಯ ಕಾರಣಗಳಿಗೆ ಜಾಗ ಬಿಡದೆ ಹೋದದ್ದು ಅದರ ದುರ್ಬಲ ಕೀಲು.

ಶಾಸನವೇ ಮಾಡುವುದಾದರೆ

ಸಾರ್ವಜನಿಕ ಆರೋಗ್ಯ ಸಂವಿಧಾನದ ರಾಜ್ಯ ಪಟ್ಟಿಯ 6ನೇ ನಮೂದು, ಶಿಕ್ಷಣ ಸಮವರ್ತಿ ಪಟ್ಟಿಯ 25ನೆಯದು. ಅಂದರೆ ವಿಧಾನಮಂಡಲಕ್ಕೆ ಅಧಿಕಾರವಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಕಾನೂನಿನ 2165ನೇ ಕಲಮು ಇಲ್ಲಿ ನೋಡಲು ಯೋಗ್ಯ. ಕಾಲೇಜು ವಿದ್ಯಾರ್ಥಿಗಳು ದಡಾರ, ಮಂಗನಬಾವು, ರುಬೆಲ್ಲಾಕ್ಕೆ ರಕ್ಷಣೆ ಇರುವುದನ್ನು ತೋರಿಸಬೇಕು ಎನ್ನುವ ಅದು, ಯಾವ ಕಾಯಿಲೆ ಎಂದು ಹೆಸರಿಸುತ್ತದೆ. 1957ಕ್ಕಿಂತ ಮೊದಲು ಹುಟ್ಟಿದವರನ್ನು ಬಿಡುತ್ತದೆ, ವೈದ್ಯಕೀಯ ಮತ್ತು ಧಾರ್ಮಿಕ ವಿನಾಯಿತಿಯನ್ನು ಕಾನೂನಿನೊಳಗೇ ಬರೆಯುತ್ತದೆ, ದಾಖಲೆ ತರಲು ತರಗತಿ ಶುರುವಾದ ಮೇಲೂ 30 ದಿನ ಕೊಡುತ್ತದೆ. ಅಲ್ಲಿಗೆ ಓದಲು ಹೊರಟ ನಮ್ಮ ಕಡೆಯವರಿಗೆ ಒಂದು ಮಾತು: 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದ ಮಕ್ಕಳಿಗೆ ಹಾಕಿದ್ದು ದಡಾರ–ರುಬೆಲ್ಲಾ ಲಸಿಕೆ. ಮಂಗನಬಾವು ಅದರಲ್ಲಿಲ್ಲ. ಆ ಕಾರ್ಡು ತೋರಿಸಿದರೆ ಅರ್ಜಿ ವಾಪಸ್ ಬರುತ್ತದೆ. ಮೂರೂ ಇರುವ ಎಂಎಂಆರ್ ಬೇಕು, ಎರಡು ಡೋಸ್ ನಡುವೆ ಕನಿಷ್ಠ 28 ದಿನ ಬೇಕಾಗುವುದರಿಂದ ವೀಸಾ ಓಡಾಟದ ಜೊತೆಗೇ ಶುರುಮಾಡಬೇಕು.

ನಮ್ಮ ರಾಜ್ಯಕ್ಕೆ ಬರೆಯುವ ಕರಡಿನಲ್ಲಿ ಮೊದಲು ಕಾಯಿಲೆಯ ಹೆಸರು ಮತ್ತು ಲಸಿಕೆ ಅದರ ಹರಡುವಿಕೆಯನ್ನು ತಡೆಯುತ್ತದೆ ಎಂಬ ಆರೋಗ್ಯ ಇಲಾಖೆಯ ಲಿಖಿತ ಅಭಿಪ್ರಾಯ ಇರಬೇಕು. ಲಸಿಕೆ ಆ ವಯಸ್ಸಿಗೆ ಅನುಮೋದಿತವಾಗಿ, ಆ ತಾಲ್ಲೂಕಿನಲ್ಲಿ ಉಚಿತವಾಗಿ ಸಿಗಲು ಶುರುವಾಗಿ ಇಷ್ಟು ದಿನಗಳಾದ ಮೇಲಷ್ಟೇ ಷರತ್ತು ಜಾರಿಗೆ ಬರಬೇಕು. ನಮ್ಮ ಲೆಕ್ಕದಲ್ಲಿ 45 ದಿನಕ್ಕಿಂತ ಕಡಿಮೆ ಇಡಬಾರದು. ಮುಂದೂಡಿಕೆಯ ಅವಧಿಯಲ್ಲಿರುವವರನ್ನು ಹಾಕಿಸಿದವರೆಂದೇ ಎಣಿಸಬೇಕು. ಷರತ್ತು ತರಗತಿಯ ಕೋಣೆಗೆ ಮಾತ್ರ, ಪರೀಕ್ಷೆ, ವಿದ್ಯಾರ್ಥಿವೇತನ, ಟಿ.ಸಿ.ಗೆ ಅನ್ವಯಿಸದು ಎಂದು ಬಿಡಿಸಿ ಬರೆಯಬೇಕು. ಹಾಸ್ಟೆಲ್‌ಗೆ ಪ್ರತ್ಯೇಕ ಕಲಮು ಬೇಕು. ಒಂದೇ ಕೋಣೆಯಲ್ಲಿ ಎಂಟು ಹತ್ತು ಜನ ಮಲಗುವಲ್ಲಿ ಅಪಾಯದ ಅಳತೆಯೇ ಬೇರೆ, ಆದರೆ ಹಾಸ್ಟೆಲ್ ತಪ್ಪಿದರೆ ಬಡ ಮಕ್ಕಳ ಓದೇ ತಪ್ಪುತ್ತದೆ. ಮೇಲ್ಮನವಿ ಕೇಳಲು ಬೆಂಗಳೂರಿಗೆ ಹೋಗುವಂತಾಗಬಾರದು, ಜಿಲ್ಲಾ ಆರೋಗ್ಯಾಧಿಕಾರಿ ಮತ್ತು ಜಂಟಿ ನಿರ್ದೇಶಕರು ಕೂಡಿ ಏಳು ದಿನದಲ್ಲಿ ತೀರ್ಮಾನಿಸಬೇಕು. 90 ದಿನಕ್ಕೊಮ್ಮೆ ನವೀಕರಿಸದಿದ್ದರೆ ಷರತ್ತು ತಾನಾಗಿಯೇ ಬಿದ್ದುಹೋಗಬೇಕು. ಲಸಿಕೆಯಿಂದ ಹಾನಿಯಾದರೆ ಚಿಕಿತ್ಸೆಯ ವೆಚ್ಚ ಸರ್ಕಾರದ್ದು ಎಂಬ ಕಲಮು ಇಲ್ಲದೆ ಕಡ್ಡಾಯದ ಮಾತು ಎತ್ತುವುದೇ ಅನ್ಯಾಯ.

ವಿಪತ್ತು ನಿರ್ವಹಣಾ ಕಾಯ್ದೆಯಡಿಯ ಕೇಂದ್ರದ ಕೋವಿಡ್ ಆದೇಶಗಳು 2022ರ ಮಾರ್ಚ್ 31ಕ್ಕೆ ಮುಗಿದವು. ಮಾದರಿ ಕಾಲೇಜಿನಲ್ಲಿ ರಿಜಿಸ್ಟರ್ ಮಾತ್ರ ಕಪಾಟಿನಲ್ಲೇ ಇದೆ, ಅದರ ಪಕ್ಕ ಯಾರೋ ಉತ್ಸಾಹದಿಂದ ತೆಗೆಸಿಟ್ಟ ಝೆರಾಕ್ಸ್ ಕಟ್ಟೂ ಇದೆ. ಪ್ರಾಂಶುಪಾಲರು ಮಾಡಬೇಕಾದದ್ದು ಇಷ್ಟು: ಗುಂಪುವಾರು ಸಂಖ್ಯೆಗಳನ್ನು ಹೆಸರಿಲ್ಲದೆ ಒಂದು ಹಾಳೆಗೆ ಇಳಿಸಿ ಕಡತದಲ್ಲಿಡುವುದು, ಇಲಾಖೆಯ ಒಪ್ಪಿಗೆ ಪಡೆದು ಇಬ್ಬರು ಅಧ್ಯಾಪಕರು ಮತ್ತು ಅಧೀಕ್ಷಕರ ಎದುರು ಉಳಿದ ಪ್ರತಿಗಳನ್ನು ಹರಿದು ನಾಶಮಾಡಿ ಮಹಜರಿಗೆ ಸಹಿ ಹಾಕಿಸುವುದು, ತರಗತಿವಾರು ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಂದ ಪ್ರಮಾಣಪತ್ರದ ಚಿತ್ರಗಳನ್ನು ಅಧ್ಯಾಪಕರ ಫೋನುಗಳಿಂದಲೂ ಅಳಿಸುವುದು. ಕೊನೆಯದನ್ನೇ ಎಲ್ಲರೂ ಮರೆಯುತ್ತಾರೆ.